ಮಿಲಿಟರಿ ಆಡಳಿತ ಬರಲಿ ಎನ್ನುವವರಿಗೆ

"ಒಂದೈದು ವರ್ಷ ಮಿಲ್ಟ್ರಿ ಆಡಳಿತ ಬರಬೇಕ್ರಿ, ಎಲ್ಲಾ ಸೀದಾ ಆಗ್ತಾವ." ಇಟ್ಟಿಗಿಯಿಂದ ಹಡಗಲಿಗೋ ಹರಪನಹಳ್ಳಿಗೋ ಕೊಟ್ಟೂರಿಗೋ ಹೋಗುವ ಬಸ್ಸಿನಲ್ಲಿ ಕೂತರೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಮಂಡಕ್ಕಿ-ಮಿರ್ಚಿ ಅಂಗಡಿಯ ಬೆಂಚಿನ ಮೇಲೆ, ಕಿರಾಣಿ ಅಂಗಡಿಯ ಗಲ್ಲಾದ ಮುಂದೆ, ಮದುವೆ ಮನೆಯ ಚಪ್ಪರದಡಿ, ಎಲ್ಲ ಕಡೆ ಇದೇ ಮಾತು. ಹೇಳುವವರು ದಡ್ಡರಲ್ಲ. ನಿವೃತ್ತ ಮಾಸ್ತರರು ಹೇಳುತ್ತಾರೆ, ಗೊಬ್ಬರದಂಗಡಿಯ ಮಾಲೀಕರು ಹೇಳುತ್ತಾರೆ, ಡಿಗ್ರಿ ಮುಗಿಸಿ ಕೆಲಸ ಸಿಗದ ಹುಡುಗರು ಹೇಳುತ್ತಾರೆ. ಜಾತಿ ಬೇರೆ, ಪಕ್ಷ ಬೇರೆ, ಈ ಒಂದು ಮಾತಿನಲ್ಲಿ ಮಾತ್ರ ಎಲ್ಲರೂ ಒಂದು. ಪಕ್ಕದಲ್ಲಿದ್ದವರು ಹೌದೆಂದು ತಲೆಯಾಡಿಸುತ್ತಾರೆ, ಮಾತು ಮಳೆ-ಬೆಳೆಯ ಕಡೆ ತಿರುಗುತ್ತದೆ. ಇದು ತಪ್ಪು ಮಾತು, ಕೇಡಿನ ಮಾತು. ಕೇಳಿಸಿಕೊಂಡು ತಲೆಯಾಡಿಸುವುದೂ ತಪ್ಪೇ.

ಸಿಟ್ಟಿಗೆ ಕಾರಣವಿಲ್ಲ ಎಂದು ನಾನು ಹೇಳುವುದಿಲ್ಲ. ಪಹಣಿಯಲ್ಲಿ ಒಂದಕ್ಷರ ತಿದ್ದಿಸಲು ತಿಂಗಳುಗಟ್ಟಲೆ ಅಲೆದವನಿಗೆ, ಪೋಡಿಗೆ ಅರ್ಜಿ ಕೊಟ್ಟು ಸರ್ವೇಯರ್ ದಾರಿ ಕಾಯುತ್ತ ಕೂತವನಿಗೆ ಪ್ರಜಾಪ್ರಭುತ್ವದ ಮಹಿಮೆ ಹೇಳಿದರೆ ಅವನು ಸಿಡಿಮಿಡಿಗೊಳ್ಳುವುದು ಸಹಜ. 2019ರಲ್ಲಿ ಹದಿನೇಳು ಶಾಸಕರು ರಾಜೀನಾಮೆ, ಅನರ್ಹತೆ, ಉಪಚುನಾವಣೆ ಎಂದು ಇಡೀ ರಾಜ್ಯವನ್ನು ತಿಂಗಳುಗಟ್ಟಲೆ ಆಡಿಸಿದ್ದನ್ನು ಕಂಡವರಿಗೆ ತಮ್ಮ ಓಟಿನ ಬೆಲೆ ಏನು ಎಂಬ ಪ್ರಶ್ನೆ ಬರಲೇಬೇಕು. ರೋಗ ಇದೆ, ಒಪ್ಪೋಣ. ನಾನು ಪ್ರಶ್ನಿಸುವುದು ಅವರು ಹೇಳುವ ಔಷಧವನ್ನು. ಅದನ್ನು ಕುಡಿದ ದೇಶಗಳು ಹತ್ತಾರಿವೆ. ಐದು ವರ್ಷದಲ್ಲಿ ಗುಣವಾಗಿ ಎದ್ದು ಬಂದ ಒಂದು ದೇಶವನ್ನೂ ಈ ವಾದದವರು ನನಗೆ ತೋರಿಸಿಲ್ಲ.

ಅವರು ಮೊದಲು ತೋರಿಸುವ ಸಾಕ್ಷಿ ನಮ್ಮ ಹೊಳೆಯಾಚೆಯದು. ತುಂಗಭದ್ರೆಯ ಈಚೆ ದಡದ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಆಚೆ ದಡದ ಕೊಪ್ಪಳ ಸೀಮೆ ನಿಜಾಮನದು. ನಿಜಾಮನ ಪರ ನಿಂತ ರಜಾಕಾರರ ಹಾವಳಿಯ ಕಥೆಗಳನ್ನು ನಮ್ಮ ಹಿರಿಯರು ಇವತ್ತಿಗೂ ಹೇಳುತ್ತಾರೆ. "ಐದೇ ದಿನದಾಗ ಮಿಲ್ಟ್ರಿ ಬಂದು ಎಲ್ಲಾ ಸರಿ ಮಾಡ್ಲಿಲ್ಲೇನು?" ಎಂದು ಕೇಳುತ್ತಾರೆ. 1948ರ ಸೆಪ್ಟೆಂಬರ್ 13ರಂದು ಸೇನೆ ಹೈದರಾಬಾದ್ ಸಂಸ್ಥಾನಕ್ಕೆ ನುಗ್ಗಿದ್ದೂ 17ಕ್ಕೆ ನಿಜಾಮ ಶರಣಾದದ್ದೂ ನಿಜ. ಆಮೇಲೆ ಮೇಜರ್ ಜನರಲ್ ಜೆ.ಎನ್. ಚೌಧುರಿ ಮಿಲಿಟರಿ ಗವರ್ನರ್ ಆಗಿ 1949ರ ಡಿಸೆಂಬರ್‌ವರೆಗೆ ಆಳಿದರು. ಕಲಬುರಗಿ, ಬೀದರ್, ರಾಯಚೂರು ಜಿಲ್ಲೆಗಳು ಅವರ ಕೈಕೆಳಗಿದ್ದವು. ಕನ್ನಡ ನಾಡಿನ ಒಂದು ಭಾಗ ಮಿಲಿಟರಿ ಆಡಳಿತವನ್ನು ಕಂಡಿದೆ, ಹದಿನೈದು ತಿಂಗಳ ಮಟ್ಟಿಗೆ. ಜಹಗೀರುಗಳು ರದ್ದಾದದ್ದು ಆ ಅವಧಿಯಲ್ಲೇ, 1949ರ ಆಗಸ್ಟ್‌ನಲ್ಲಿ. ಅದು ದೊಡ್ಡ ಕೆಲಸ, ಅಲ್ಲಗಳೆಯುವುದಿಲ್ಲ.

ಆದರೆ ಆ ಸೇನೆಯನ್ನು ಕಳಿಸಿದವರು ಯಾರು? ದಿಲ್ಲಿಯ ನಾಗರಿಕ ಸರ್ಕಾರ. ಚೌಧುರಿಯವರು ತಾವಾಗಿ ಬಂದು ಕುರ್ಚಿ ಹಿಡಿದವರಲ್ಲ. ದಿಲ್ಲಿ ಹೇಳಿದ್ದನ್ನು ಮಾಡಿದರು, ಇಳಿಯಿರಿ ಎಂದಾಗ ಇಳಿದರು. 1952ರಲ್ಲಿ ಜನ ಓಟು ಹಾಕಿ ಬೂರ್ಗುಲ ರಾಮಕೃಷ್ಣರಾಯರ ಸರ್ಕಾರವನ್ನು ತಂದರು. ಇದನ್ನು ತೋರಿಸಿ ಸೇನೆಯೇ ದೇಶ ಆಳಲಿ ಎನ್ನುವುದು ಯಾವ ನ್ಯಾಯ? ಸೇನೆ ನಾಗರಿಕ ಸರ್ಕಾರದ ಮಾತು ಕೇಳಿದ್ದರಿಂದ ಅಲ್ಲಿ ಒಳ್ಳೆಯದಾಯಿತು.

ಆ ಹದಿನೈದು ತಿಂಗಳಿಗೆ ಇನ್ನೊಂದು ಮುಖವೂ ಇದೆ, ನಮ್ಮ ಬಸ್ಸುಗಳಲ್ಲಿ ಅದರ ಮಾತು ಬರುವುದೇ ಇಲ್ಲ. ಕಾರ್ಯಾಚರಣೆಯ ಸಮಯದಲ್ಲೂ ನಂತರದ ವಾರಗಳಲ್ಲೂ ರಜಾಕಾರರ ಮೇಲಿನ ಸೇಡು ಸಾಮಾನ್ಯ ಮುಸ್ಲಿಮರ ಮೇಲೆ ತಿರುಗಿತು. ನೆಹರೂ ಸರ್ಕಾರವೇ ಕಳಿಸಿದ ಪಂಡಿತ್ ಸುಂದರಲಾಲ್ ಅವರ ತಂಡ ಊರೂರು ತಿರುಗಿ, ಕನಿಷ್ಠ 27 ಸಾವಿರದಿಂದ 40 ಸಾವಿರ ಜನ ಸತ್ತಿದ್ದಾರೆ ಎಂದು ಅಂದಾಜು ಮಾಡಿತು. ಅತಿ ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳಲ್ಲಿ ಎರಡು ನಮ್ಮವು: ಕಲಬುರಗಿ ಮತ್ತು ಬೀದರ್. ಹಲವು ಕಡೆ ಸೇನಾಧಿಕಾರಿಗಳು ಜನರನ್ನು ಕಾಪಾಡಿದರೆಂದೂ ಕೆಲವೆಡೆ ಸಮವಸ್ತ್ರದವರೇ ಲೂಟಿಯಲ್ಲಿ ಕೈಜೋಡಿಸಿದರೆಂದೂ ಅದೇ ವರದಿ ಹೇಳುತ್ತದೆ. ಆ ವರದಿಯನ್ನು ದಶಕಗಳ ಕಾಲ ಪ್ರಕಟಿಸಲಿಲ್ಲ. ಗಂಡನನ್ನು ಕಳೆದುಕೊಂಡ ಹೆಂಗಸು ಯಾವ ಕಚೇರಿಗೆ ಹೋಗಿ ಕೇಳಬೇಕಿತ್ತು? ಶಾಸಕನಿಲ್ಲ, ಪ್ರಶ್ನೆ ಎತ್ತಲು ಸಭೆಯಿಲ್ಲ. ಒಳ್ಳೆಯ ಉದ್ದೇಶದ, ದಿಲ್ಲಿಯ ಹಿಡಿತದಲ್ಲೇ ಇದ್ದ, ಬೇಗ ಮುಗಿದ ಆಡಳಿತದಲ್ಲೇ ಇಷ್ಟು ಮುಚ್ಚಿಹೋಯಿತು. ಹಿಡಿತವೇ ಇಲ್ಲದ ಮಿಲಿಟರಿ ಆಡಳಿತದಲ್ಲಿ ಇನ್ನೆಷ್ಟು ಮುಚ್ಚಿಹೋದೀತು ಎಂದು ಅವರೇ ಲೆಕ್ಕ ಹಾಕಲಿ.

ಎರಡನೆಯ ಸಾಕ್ಷಿ ತುರ್ತುಪರಿಸ್ಥಿತಿ. "ಆವಾಗ ರೈಲು ಟೈಮಿಗೆ ಬರ್ತಿದ್ವು, ಆಫೀಸರು ಟೈಮಿಗೆ ಕುರ್ಚಿ ಮ್ಯಾಲಿರ್ತಿದ್ರು." ನಮ್ಮ ಕಡೆ ಇದಕ್ಕೆ ಇನ್ನೊಂದು ಮಾತು ಸೇರುತ್ತದೆ: ಉಳುವವನಿಗೆ ಹೊಲ ಸಿಕ್ಕಿದ್ದೇ ಆಗ ಎಂದು. ಆದರೆ ದೇವರಾಜ ಅರಸರ ಭೂಸುಧಾರಣೆ ಜಾರಿಗೆ ಬಂದದ್ದು 1974ರ ಮಾರ್ಚ್ 1ಕ್ಕೆ, ತುರ್ತುಪರಿಸ್ಥಿತಿಗೆ ಒಂದು ವರ್ಷಕ್ಕೂ ಮೊದಲು. ಚುನಾಯಿತ ಶಾಸನಸಭೆ ಮಾಡಿದ ಕಾಯ್ದೆ ಅದು. ಗೇಣಿದಾರ ಏಳನೇ ನಮೂನೆಯ ಅರ್ಜಿ ತುಂಬಿ ಕೊಟ್ಟ, ಭೂನ್ಯಾಯಮಂಡಳಿಯಲ್ಲಿ ಅಧಿಕಾರಿಯ ಜೊತೆ ಹೊರಗಿನ ಸದಸ್ಯರೂ ಕೂತು ವಿಚಾರಣೆ ಮಾಡಿದರು. ಆ ಕೀರ್ತಿಯನ್ನು ತುರ್ತುಪರಿಸ್ಥಿತಿಗೆ ಕಟ್ಟುವುದು ಸುಳ್ಳು.

ತುರ್ತುಪರಿಸ್ಥಿತಿಯದೇ ಆದ ಕೆಲಸ ಬೇರೆ. 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರನ್ನು 1976ರ ಮೇ ತಿಂಗಳಲ್ಲಿ ಹಿಡಿದು ಬೆಂಗಳೂರಿನ ಜೈಲಿಗೆ ಹಾಕಿದರು. ಆಕೆಗೆ ಉಬ್ಬಸವಿತ್ತು. ಸರಿಯಾದ ಚಿಕಿತ್ಸೆಯಿಲ್ಲದೆ ಕೃಶವಾದ ಆಕೆಯನ್ನು 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಗೆ ಬಿಟ್ಟರು. ಬಿಟ್ಟ ಕೆಲವೇ ದಿನಗಳಲ್ಲಿ, ಜನವರಿ 20ಕ್ಕೆ, ತೀರಿಕೊಂಡರು. ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸರು ಸಿಗಲಿಲ್ಲವೆಂದು ಅವರ ತಮ್ಮ ಲಾರೆನ್ಸ್ ಅವರನ್ನು ಬೆಂಗಳೂರಿನ ಪೊಲೀಸರು ಎಳೆದೊಯ್ದು ಚಿತ್ರಹಿಂಸೆ ಕೊಟ್ಟರು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು, ಅಕ್ರಮ ಬಂಧನವಾದರೂ ಈಗ ಕೋರ್ಟಿಗೆ ಬರುವಂತಿಲ್ಲ ಎಂದರು. ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಇಷ್ಟೆಲ್ಲ ಆಗಿದ್ದು ಸೇನೆ ತನ್ನ ಬ್ಯಾರಕ್ಕಿನಲ್ಲೇ ಇದ್ದಾಗ, ಚುನಾಯಿತ ಪ್ರಧಾನಿಯ ಕಾಲದಲ್ಲಿ. ಕೋರ್ಟಿನ ಬಾಗಿಲು ಮುಚ್ಚಿಸುವುದು ಚುನಾಯಿತರಿಗೇ ಇಷ್ಟು ಸುಲಭವಾಯಿತು. ಬಂದೂಕು ಹಿಡಿದು ಬಂದವರಿಗೆ ಎಷ್ಟು ಹೊತ್ತು ಬೇಕು?

ಆದರೂ ನಾವು ಬದುಕಿಕೊಂಡೆವು. ಇಪ್ಪತ್ತೊಂದು ತಿಂಗಳಿಗೆ ಅದು ಮುಗಿಯಿತು, ಏಕೆಂದರೆ ಚುನಾವಣೆ ನಡೆಸುವ ಪದ್ಧತಿ ಸತ್ತಿರಲಿಲ್ಲ. ಕರ್ನಾಟಕ 1977ರಲ್ಲೂ 28ರಲ್ಲಿ 26 ಲೋಕಸಭಾ ಸ್ಥಾನಗಳನ್ನು ಕಾಂಗ್ರೆಸ್ಸಿಗೇ ಕೊಟ್ಟಿತು, ಅದು ಬೇರೆ ಮಾತು. ತುರ್ತುಪರಿಸ್ಥಿತಿಯ ನಂತರದ ಹತ್ತು ವರ್ಷಗಳನ್ನು ನೋಡಿ. ದಲಿತ ಸಂಘರ್ಷ ಸಮಿತಿ ಊರೂರಿಗೆ ಹಬ್ಬಿತು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಕಟ್ಟಿಕೊಂಡಿತು. 1980ರ ಜುಲೈ 21ರ ನರಗುಂದ-ನವಲಗುಂದದ ಗೋಲಿಬಾರಿನಿಂದ ರೈತ ಚಳವಳಿ ರಾಜ್ಯವನ್ನೆಲ್ಲ ತುಂಬಿತು. ತಹಶೀಲ್ದಾರ್ ಕಚೇರಿಯ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದ ರೈತ ಹಸಿರು ಟವೆಲ್ ಹಾಕಿಕೊಂಡು ಒಳಗೆ ನಡೆದ. 1983ರಲ್ಲಿ ಸರ್ಕಾರ ಬದಲಾಯಿತು, ನಮ್ಮ ಹಡಗಲಿಯಿಂದ ಎಂ.ಪಿ. ಪ್ರಕಾಶ್ ಶಾಸನಸಭೆಗೆ ಹೋದರು. ಅಬ್ದುಲ್ ನಜೀರ್ ಸಾಬರ ಪಂಚಾಯ್ತಿ ಕಾಯ್ದೆಯಡಿ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗಳಿಗೆ ಚುನಾವಣೆ ನಡೆಯಿತು, ಕಾಲುಭಾಗ ಸ್ಥಾನ ಹೆಂಗಸರಿಗೆ ಮೀಸಲು. ಇಪ್ಪತ್ತೊಂದು ತಿಂಗಳಲ್ಲಿ ಬೇರು ಸಾಯದೆ ಉಳಿದದ್ದಕ್ಕೆ ಇದೆಲ್ಲ ಸಾಧ್ಯವಾಯಿತು.

ಬೇರು ಕಿತ್ತ ದೇಶಗಳ ಕಥೆ ಹೀಗಿಲ್ಲ. 1977ರ ಜುಲೈ 5ರಂದು ಪಾಕಿಸ್ತಾನದಲ್ಲಿ ಸೇನಾ ಮುಖ್ಯಸ್ಥ ಜಿಯಾ ಉಲ್ ಹಕ್ ಅಧಿಕಾರ ಹಿಡಿದಾಗ ಕೇಳಿದ್ದು ಐದು ವರ್ಷವನ್ನಲ್ಲ, ತೊಂಬತ್ತು ದಿನ ಮಾತ್ರ. ತೊಂಬತ್ತು ದಿನದಲ್ಲಿ ಚುನಾವಣೆ ಮಾಡಿಸಿ ಹೋಗುತ್ತೇನೆ ಎಂದ ಆತ ಹೋದದ್ದು 1988ರಲ್ಲಿ, ವಿಮಾನ ಬಿದ್ದು ಸತ್ತಾಗ. ನಡುವೆ 1984ರಲ್ಲಿ ವಿದ್ಯಾರ್ಥಿ ಸಂಘಗಳನ್ನು ನಿಷೇಧಿಸಿದ. ಜಿಯಾ ಸತ್ತು ಮೂರು ದಶಕ ಕಳೆದರೂ ಅಲ್ಲಿನ ಬಹುಪಾಲು ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ಮತ್ತೆ ನೆಲೆಯೂರಲಿಲ್ಲ. ಅಲ್ಲಿ ಇವತ್ತಿಗೂ ಒಬ್ಬ ಪ್ರಧಾನಿಯೂ ಐದು ವರ್ಷದ ಅವಧಿ ಪೂರೈಸಿಲ್ಲ. ನಾಗರಿಕ ಸರ್ಕಾರ ಬಂದ ಮೇಲೂ ಆಳುವವರು ಯಾರೆಂದು ಅಲ್ಲಿನ ಚಿಕ್ಕ ಮಕ್ಕಳಿಗೂ ಗೊತ್ತು.

ಮಿಲಿಟರಿಯವರು ಪಂಚಾಯ್ತಿಯನ್ನೂ ಮಾಡುತ್ತಾರೆ. ಅದೇ ಪಾಕಿಸ್ತಾನದಲ್ಲಿ ಜಿಯಾಗಿಂತ ಮೊದಲು ಆಳಿದ ಜನರಲ್ ಅಯೂಬ್ ಖಾನ್ 1959ರಲ್ಲಿ 'ಬೇಸಿಕ್ ಡೆಮಾಕ್ರಸಿ' ಎಂದು ಹಳ್ಳಿ ಮಟ್ಟದ ಮಂಡಳಿಗಳನ್ನು ತಂದ, ಎಂಬತ್ತು ಸಾವಿರ ಸದಸ್ಯರು. ಅವರ ದೊಡ್ಡ ಕೆಲಸ ಅಯೂಬನನ್ನೇ ಅಧ್ಯಕ್ಷನನ್ನಾಗಿ ಆರಿಸುವುದಾಗಿತ್ತು, ಆರಿಸಿದರು. ಅಲ್ಲಿನ ಒಕಾರಾದ ಸೇನಾ ಫಾರಂಗಳಲ್ಲಿ ತಲೆಮಾರುಗಳಿಂದ ಪಾಲಿಗೆ ಉಳುತ್ತಿದ್ದ ರೈತರಿಗೆ 2000ದಲ್ಲಿ, ಜನರಲ್ ಮುಷರಫ್ ಕಾಲದಲ್ಲಿ, ಇನ್ನು ಪಾಲು ಇಲ್ಲ, ನಗದು ಗುತ್ತಿಗೆ ಕಟ್ಟಿ ಎಂದರು. ಒಪ್ಪದವರ ಮೇಲೆ ಕೇಸುಗಳಾದವು, ಗುಂಡುಗಳೂ ಹಾರಿದವು. ಏಳನೇ ನಮೂನೆ ತುಂಬಿ ಹೊಲ ಪಡೆದ ಮನೆಗಳು ನಮ್ಮ ಹೋಬಳಿಯಲ್ಲೂ ಇವೆ. ಆ ಮನೆಯ ಮೊಮ್ಮಗ ಬಸ್ಸಿನಲ್ಲಿ ಕೂತು ಮಿಲಿಟರಿ ಬರಲಿ ಎನ್ನುವುದನ್ನು ಕೇಳಿದಾಗ ನನಗೆ ನಿಜಕ್ಕೂ ನೋವಾಗುತ್ತದೆ. ಭೂಮಿಯ ಒಡೆಯನೇ ಸೇನೆಯಾದರೆ ನ್ಯಾಯಮಂಡಳಿಯಲ್ಲಿ ಯಾರ ಎದುರು ನಿಂತು ವಾದಿಸುತ್ತೀ ತಮ್ಮಾ?

ಚಿಲಿಯಲ್ಲಿ 1973ರ ಸೆಪ್ಟೆಂಬರ್ 11ರಂದು ಜನರಲ್ ಪಿನೋಶೆ ಅಧಿಕಾರ ಹಿಡಿದ. ಸುಮಾರು ಹದಿನೇಳು ವರ್ಷ ಆಳಿದ, ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಕೊಲ್ಲಿಸಿದ ಅಥವಾ ಕಾಣೆಯಾಗಿಸಿದ. 1988ರ ಜನಮತದಲ್ಲಿ ಸೋತು ಕುರ್ಚಿ ಬಿಟ್ಟರೂ ಸೇನಾ ಮುಖ್ಯಸ್ಥನಾಗಿ 1998ರವರೆಗೆ ಉಳಿದ. ಅವನ ಕಾಲದ 1980ರ ಸಂವಿಧಾನ ತಿದ್ದುಪಡಿಗಳೊಂದಿಗೆ ಇನ್ನೂ ಅಲ್ಲಿದೆ. ಬದಲಿಸಲು 2022ರಲ್ಲೂ 2023ರಲ್ಲೂ ಮಾಡಿದ ಯತ್ನಗಳು ಬಿದ್ದುಹೋದವು. ಟರ್ಕಿಯ ಕಥೆಯೂ ಇದೇ, 1980ರ ಜನರಲ್‌ಗಳು ಬರೆಸಿದ 1982ರ ಸಂವಿಧಾನದಡಿಯೇ ಅದು ನಡೆಯುತ್ತಿದೆ. ಬರ್ಮಾ 1962ರಲ್ಲಿ ಜನರಲ್ ನೇ ವಿನ್ ಕೈಗೆ ಹೋಯಿತು. ಆ ವರ್ಷದ ಜುಲೈನಲ್ಲಿ ರಂಗೂನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘದ ಕಟ್ಟಡವನ್ನೇ ಸೇನೆ ಡೈನಮೈಟ್ ಇಟ್ಟು ಉಡಾಯಿಸಿತು. ಜಗತ್ತಿಗೆ ಅಕ್ಕಿ ಕಳಿಸುತ್ತಿದ್ದ ದೇಶ 1987ಕ್ಕೆ ಅತಿ ಹಿಂದುಳಿದ ದೇಶಗಳ ಪಟ್ಟಿ ಸೇರಿತು. 1990ರ ಚುನಾವಣೆಯಲ್ಲಿ ಸೋತ ಸೇನೆ ಅಧಿಕಾರ ಬಿಡಲಿಲ್ಲ. 2008ರ ಸಂವಿಧಾನದಲ್ಲಿ ಸಂಸತ್ತಿನ ಕಾಲುಭಾಗ ತನಗೇ ಇಟ್ಟುಕೊಂಡಿತು. ಅದೂ ಸಾಲದೆ 2021ರ ಫೆಬ್ರವರಿ 1ಕ್ಕೆ ಮತ್ತೆ ಎಲ್ಲವನ್ನೂ ಕಿತ್ತುಕೊಂಡಿತು. ಐದು ವರ್ಷಕ್ಕೆಂದು ಮನೆಗೆ ಕರೆದವರು ಅರವತ್ತು ವರ್ಷವಾದರೂ ಹೊರಟಿಲ್ಲ.

ಮಿಲಿಟರಿಯವರು ಭ್ರಷ್ಟರಲ್ಲ, ಅವರಿಗೆ ಹೆಂಡತಿ-ಮಕ್ಕಳಿಗೆ ಆಸ್ತಿ ಮಾಡುವ ಚಟವಿಲ್ಲ ಎಂಬ ಮಾತೊಂದು ಇದೆ. ಗಣಿ ಕಂಡ ಜಿಲ್ಲೆಯವರಾಗಿ ನಾವು ಚಿಲಿಯ ಒಂದು ಕಾನೂನನ್ನು ತಿಳಿದಿರಬೇಕು. ಅಲ್ಲಿನ ಸರ್ಕಾರಿ ತಾಮ್ರ ಕಂಪನಿ ಕೊಡೆಲ್ಕೊ ರಫ್ತು ಮಾಡಿದ ತಾಮ್ರದ ಹಣದಲ್ಲಿ ನೂರಕ್ಕೆ ಹತ್ತು ನೇರವಾಗಿ ಸೇನೆಗೆ ಹೋಗುತ್ತಿತ್ತು, ಲೆಕ್ಕ ಗುಟ್ಟಾಗಿಡುವ ಕಾನೂನಿನ ಕೆಳಗೆ. ಪಿನೋಶೆ ಹೋಗಿ ಸುಮಾರು ಮೂವತ್ತು ವರ್ಷದ ನಂತರ, 2019ರಲ್ಲಿ, ಅದು ರದ್ದಾಯಿತು. ಪಾಕಿಸ್ತಾನದಲ್ಲಿ ಸೇನೆಗೆ ಸಂಬಂಧಿಸಿದ ಸಂಸ್ಥೆಗಳು ಸಿಮೆಂಟು, ಗೊಬ್ಬರ ಮಾರುತ್ತವೆ, ಬಡಾವಣೆ ಕಟ್ಟುತ್ತವೆ. ಬರ್ಮಾದಲ್ಲಿ ಹರಳಿನ ಗಣಿಯವರೆಗೆ ಸೇನೆಯದೇ ಕಂಪನಿ. ಲಂಚ ತೆಗೆದುಕೊಳ್ಳುವ ಗುಮಾಸ್ತನ ಮೇಲೆ ದೂರು ಕೊಡಬಹುದು. ದೂರು ತೆಗೆದುಕೊಳ್ಳುವವನೇ ಗಣಿಯ ಒಡೆಯನಾದಾಗ ಭ್ರಷ್ಟಾಚಾರ ಕಾಣುವುದಿಲ್ಲ. ನಿಂತುಹೋಗಿದೆ ಎಂದು ಅರ್ಥವಲ್ಲ.

ಈಗ ನಮ್ಮ ಗಣಿಯ ಕಥೆ. ಸಂಡೂರು-ಹೊಸಪೇಟೆ-ಬಳ್ಳಾರಿಯ ಅದಿರು ಲಾರಿಗಳ ಧೂಳು ಬೆಳೆಯ ಮೇಲೆ ಕೂತ ಕಾಲವನ್ನು ನಮ್ಮ ಕಡೆಯವರು ಮರೆತಿಲ್ಲ. ಸರ್ಕಾರವೇ ಗಣಿಯವರ ಕಿಸೆಯಲ್ಲಿತ್ತು, ಯಾರಿಂದಲೂ ಏನೂ ಆಗದು ಎಂದು ಎಲ್ಲರೂ ಕೈಚೆಲ್ಲಿದ್ದರು. ಮಿಲಿಟರಿ ಬರಬೇಕು ಎಂಬ ಮಾತನ್ನು ನಾನು ಅತಿ ಹೆಚ್ಚು ಕೇಳಿದ್ದೂ ಆಗಲೇ. ಕೊನೆಗೆ ಅದನ್ನು ತಡೆದವರು ಯಾರು? ಧಾರವಾಡದ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಅರಣ್ಯಾಧಿಕಾರಿ ಯು.ವಿ. ಸಿಂಗ್ ಅವರ ತಂಡ ಪರವಾನಗಿ, ಬ್ಯಾಂಕ್ ಖಾತೆ, ಬಂದರಿನ ಲೆಕ್ಕ ಎಲ್ಲವನ್ನೂ ಒಂದಕ್ಕೊಂದು ತಾಳೆ ನೋಡಿತು. ಲೋಕಾಯುಕ್ತ ಸಂತೋಷ್ ಹೆಗ್ಡೆ 2011ರ ಜುಲೈ 27ರಂದು ವರದಿ ಕೊಟ್ಟರು. ಎರಡು ದಿನಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು, ನಾಲ್ಕು ದಿನಕ್ಕೆ ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು, ಸೆಪ್ಟೆಂಬರ್‌ನಲ್ಲಿ ಮಾಜಿ ಮಂತ್ರಿಯೊಬ್ಬರು ಜೈಲಿಗೆ ಹೋದರು. 2013ರಲ್ಲಿ ಐವತ್ತರಷ್ಟು ಗುತ್ತಿಗೆಗಳು ರದ್ದಾದವು. ಬಂದೂಕಿನವನೊಬ್ಬನೂ ಇದರಲ್ಲಿಲ್ಲ. ಅರ್ಜಿ ಹಾಕಿದವರು, ಲೆಕ್ಕ ನೋಡಿದವರು, ಪತ್ರಿಕೆಯಲ್ಲಿ ಬರೆದವರು, ತೀರ್ಪು ಕೊಟ್ಟವರು ಮಾಡಿದ ಕೆಲಸ ಅದು. ಮಿಲಿಟರಿ ಆಡಳಿತ ಬಂದ ಮೊದಲ ದಿನವೇ ಬಾಯಿ ಮುಚ್ಚಿಸುವುದು ಈ ನಾಲ್ವರದು.

ಅದೇ ಲೋಕಾಯುಕ್ತದ ಹಲ್ಲನ್ನು 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳ (ಎಸಿಬಿ) ಕಟ್ಟಿ ಕಿತ್ತರು. 2022ರಲ್ಲಿ ಹೈಕೋರ್ಟ್ ಎಸಿಬಿಯನ್ನೇ ರದ್ದು ಮಾಡಿತು. ಆ ಆರು ವರ್ಷ ಮಿಲಿಟರಿ ಬೇಕೆನ್ನುವ ನಮ್ಮ ಜನ ಲೋಕಾಯುಕ್ತ ಬೇಕೆಂದು ಒಂದು ಮನವಿಪತ್ರವನ್ನಾದರೂ ಕೊಟ್ಟರೇ?

ಇಷ್ಟು ದೊಡ್ಡ ಮಾತು ಬೇಡ ಎನ್ನುವವರಿಗೆ ಒಂದು ಸಣ್ಣದು. ನಮ್ಮ ಸೀಮೆಯ ಒಂದು ಊರಿನ ಗುಡಿಯ ಕಟ್ಟೆಯಲ್ಲಿ ಉದ್ಯೋಗ ಖಾತ್ರಿಯ ಸಾಮಾಜಿಕ ಪರಿಶೋಧನೆಯ ಗ್ರಾಮಸಭೆ ನಡೆದಿತ್ತು. ಕೂಲಿಯಾಳುಗಳ ಹೆಸರು, ದಿನ, ಮೊತ್ತವನ್ನು ಒಬ್ಬ ಹುಡುಗಿ ಮೈಕಿನಲ್ಲಿ ಓದುತ್ತಿದ್ದಳು. ಬದು ನಿರ್ಮಾಣದ ಕೆಲಸವೊಂದರ ಪಟ್ಟಿ ಓದುವಾಗ ಹಿಂದಿನ ಸಾಲಿನ ಮುದುಕಿಯೊಬ್ಬಳು ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. "ಅವ್ವಾ, ಆ ಹೆಸರು ನಂದು. ಆವಾಗ ನಾ ಮಗಳ ಬಾಣಂತನಕ್ಕ ಹೋಗಿದ್ನೆ. ಆ ಕೆಲಸಕ್ಕ ನಾ ಹೋಗಿಲ್ಲ, ರೊಕ್ಕಾನೂ ಬಂದಿಲ್ಲ" ಎಂದಳು. ಸಭೆ ಗಪ್ಪಾಯಿತು. ಹುಡುಗಿ ಪೆನ್ನು ತೆಗೆದು ಆ ಸಾಲಿನ ಮುಂದೆ ಬರೆದುಕೊಂಡಳು. ಸದಸ್ಯನೊಬ್ಬ "ಕೂತ್ಕೋ ಬೇ ಮುದುಕಿ" ಎಂದ. ಆಕೆ ಕೂರಲಿಲ್ಲ. ಬರೆದದ್ದನ್ನು ಓದಿಸಿ ಕೇಳಿದ ಮೇಲೆಯೇ ಕೂತಳು. ಆ ದುಡ್ಡು ಎಲ್ಲ ವಸೂಲಿಯಾಗುತ್ತದೆಂದು ನಾನು ಹೇಳಲಾರೆ. ಆದರೆ ಅಧಿಕಾರದಲ್ಲಿದ್ದವನ ಎದುರು, ಊರಿನ ಎದುರು, ನಿಂತು ಲೆಕ್ಕ ಕೇಳುವ ಧೈರ್ಯ ಒಂದು ದಿನದಲ್ಲಿ ಬಂದದ್ದಲ್ಲ. ಅದಕ್ಕೆ ಪಂಚಾಯ್ತಿ ಕಾಯ್ದೆ ಬೇಕಾಯಿತು, ಮಾಹಿತಿ ಹಕ್ಕು ಬೇಕಾಯಿತು, ಸಂಘದ ಹೆಂಗಸರು ಬೇಕಾದರು, ಸುಮಾರು ಎರಡು ತಲೆಮಾರು ಬೇಕಾದವು. ದಂಗೆಯೆದ್ದ ಜನರಲ್‌ಗಳು ಮೊದಲು ಕೊಲ್ಲುವುದು ಇದನ್ನು. ಚುನಾವಣೆ ಮರಳಿದರೂ ಇದು ಬೇಗ ಮರಳುವುದಿಲ್ಲ. ಕೇಳಿದವರು ಕಾಣೆಯಾದದ್ದನ್ನು ಕಂಡ ತಾಯಿ ಮಗನಿಗೆ ಕಲಿಸುವ ಮೊದಲ ಪಾಠ, ಸುಮ್ಮನಿರು ಎಂಬುದು.

ಸೇನೆಯ ಮೇಲಿನ ಗೌರವದಿಂದ ಈ ಮಾತು ಬರುತ್ತದೆ ಎನ್ನುತ್ತಾರೆ. ಗೌರವ ನನಗೂ ಇದೆ. ಗೌರವಕ್ಕೆ ಒಂದು ಕಾರಣ ಅದು ರಾಜಕೀಯಕ್ಕೆ ಇಳಿಯದೇ ಇದ್ದದ್ದು. ಕೊಡಗಿನ ಕೆ.ಎಸ್. ತಿಮ್ಮಯ್ಯ 1959ರಲ್ಲಿ ರಕ್ಷಣಾ ಸಚಿವ ಕೃಷ್ಣ ಮೆನನ್ ಅವರೊಂದಿಗೆ ಮನಸ್ತಾಪವಾಗಿ ಸೇನಾ ಮುಖ್ಯಸ್ಥನ ಹುದ್ದೆಗೆ ರಾಜೀನಾಮೆ ಕೊಟ್ಟರು. ನೆಹರೂ ಹೇಳಿದಾಗ ಹಿಂತೆಗೆದುಕೊಂಡರು. ಪಕ್ಕದ ದೇಶದಲ್ಲಿ ಅಯೂಬ್ ಹಿಂದಿನ ವರ್ಷವಷ್ಟೇ ಗದ್ದುಗೆ ಏರಿದ್ದ. ತಿಮ್ಮಯ್ಯನವರು ಆ ದಾರಿಯತ್ತ ನೋಡಲಿಲ್ಲ. ಇನ್ನೊಬ್ಬ ಕೊಡವ, ಸ್ವತಂತ್ರ ಭಾರತದ ಸೇನೆಯ ಮೊದಲ ಭಾರತೀಯ ಮುಖ್ಯಸ್ಥ ಕಾರ್ಯಪ್ಪನವರು, ನಿವೃತ್ತಿಯ ನಂತರ ಸೇನೆಯ ನೆರವಿನ ರಾಷ್ಟ್ರಪತಿ ಆಳ್ವಿಕೆಯ ಪರ ಮಾತಾಡಿದ್ದರು. ಅದು ಅವರ ತಪ್ಪು ಅಭಿಪ್ರಾಯ. ಆದರೂ ಅವರು ಮಾಡಿದ್ದೇನು? 1971ರಲ್ಲಿ ಮುಂಬೈಯಿಂದ ಲೋಕಸಭೆಗೆ ನಿಂತರು, ಸೋತರು, ಮನೆಗೆ ಹೋದರು. ಜನರ ಮುಂದೆ ಓಟು ಕೇಳಿ ಸೋತ ಆ ಜನರಲ್ ಬಗ್ಗೆ ನನಗೆ ಹೆಮ್ಮೆಯಿದೆ.

ಕೊನೆಯದಾಗಿ ಒಂದು ವಿಷಯ, ಇದನ್ನು ನಮ್ಮವರು ಯಾಕೆ ಗಮನಿಸುತ್ತಿಲ್ಲವೋ ತಿಳಿಯದು. ಚುನಾಯಿತರಿಲ್ಲದೆ ಅಧಿಕಾರಿಗಳೇ ಆಳಿದರೆ ಕೆಲಸ ಚೆನ್ನಾಗಿ ಆಗುತ್ತದೆ ಎಂಬುದು ಅವರ ವಾದದ ತಿರುಳು ತಾನೆ? ಅದರ ಪರೀಕ್ಷೆ ನಮ್ಮಲ್ಲೇ ನಡೆದಿದೆ. ಕರ್ನಾಟಕದ ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿಗಳ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ ಎಂದು ಒಂದೊಂದೇ ನೆಪ ಬಂತು, ಸರ್ಕಾರ ಬದಲಾಯಿತು, 2025 ಮುಗಿದರೂ ಚುನಾವಣೆ ನಡೆಯಲಿಲ್ಲ. ನಮ್ಮ ವಿಜಯನಗರ ಜಿಲ್ಲೆ ಹುಟ್ಟಿದ್ದೇ 2021ರಲ್ಲಿ. 1997ರಲ್ಲಿ ದಾವಣಗೆರೆಗೆ ಹೋದ ಹರಪನಹಳ್ಳಿ, ಧರಣಿ, ಬಂದ್, ಪಾದಯಾತ್ರೆ ಮಾಡಿ 2018ರಲ್ಲಿ ಬಳ್ಳಾರಿಗೆ ಮರಳಿ, ಸಂವಿಧಾನದ 371ಜೆ ವಿಧಿಯ ಸವಲತ್ತು ಪಡೆದು, ಆಮೇಲೆ ಈ ಜಿಲ್ಲೆಗೆ ಸೇರಿತು. ಜನ ಕೇಳಿ ಪಡೆದದ್ದು ಅದು. ಆದರೆ ಆ ಜಿಲ್ಲೆಗೆ ಅಷ್ಟು ವರ್ಷ ಜನ ಆರಿಸಿದ ಒಬ್ಬ ಜಿಲ್ಲಾ ಪಂಚಾಯ್ತಿ ಸದಸ್ಯನೂ ಇರಲಿಲ್ಲ. ಆಡಳಿತಾಧಿಕಾರಿಯೇ ಎಲ್ಲ. ಆ ವರ್ಷಗಳಲ್ಲಿ ನಿಮ್ಮೂರ ರಸ್ತೆ ಸರಿಯಾಯಿತೇ? ಶಾಲೆಯ ಮಾಡು ಸೋರುವುದು ನಿಂತಿತೇ? ಕುಡಿಯುವ ನೀರಿನ ಘಟಕ ಕೆಟ್ಟರೆ ಕೇಳಲು ನಿಮ್ಮ ಹೋಬಳಿಯ ಸದಸ್ಯ ಯಾರೆಂದು ಹೇಳಬಲ್ಲಿರಾ?

ಬಸ್ಸಿನಲ್ಲಿ ಸಿಟ್ಟಾಗುವ ಅಣ್ಣಂದಿರೇ, ಕಾಕಾಗಳೇ, ಆ ಸಿಟ್ಟನ್ನು ಈ ಕಡೆ ತಿರುಗಿಸಿ. ಜಿಲ್ಲಾ, ತಾಲ್ಲೂಕು ಪಂಚಾಯ್ತಿ ಚುನಾವಣೆ ಯಾವಾಗ ಎಂದು ಶಾಸಕರು ಊರಿಗೆ ಬಂದಾಗ ಎಲ್ಲರ ಮುಂದೆ ಕೇಳಿ, ಗ್ರಾಮಸಭೆಯಲ್ಲಿ ಠರಾವು ಮಾಡಿಸಿ ರಾಜ್ಯ ಚುನಾವಣಾ ಆಯೋಗಕ್ಕೆ ಕಳಿಸಿ, ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿಯ ಅರ್ಜಿ ಹಾಕಿ. ಹೊಸಪೇಟೆಯ ಜಿಲ್ಲಾ ಕಚೇರಿಗೆ ಹೋಗಲು ಜೊತೆ ಬೇಕೆಂದರೆ ನಾನು ಬರುತ್ತೇನೆ.